ಬಾಡಿಗೆ ಕೊರಳು

ಯೆಕಾತಿತ್ ೧೫, ೧೯೬೩, ಸೋಮವಾರ

ಇವತ್ತಿನಿಂದ ದೊಡ್ಡ ಉಪವಾಸ. ಕ್ರಿಸ್ತ ಎದ್ದು ಬಂದ ಪಾಸ್ಖ ಹಬ್ಬದವರೆಗೆ ಐವತ್ತೈದು ದಿನ ಮಾಂಸವಿಲ್ಲ, ಬೆಣ್ಣೆಯಿಲ್ಲ, ಹಾಲು ಮೊಟ್ಟೆಗಳಿಲ್ಲ. ಇಂಜೆರಾ ರೊಟ್ಟಿಯ ಮೇಲೆ ಬೇಳೆಯ ಗೊಜ್ಜು, ಮಾರನೆಯ ದಿನ ಕಾಳಿನ ಗೊಜ್ಜು, ಅದರ ಮಾರನೆಯ ದಿನ ಮತ್ತೆ ಬೇಳೆಯ ಗೊಜ್ಜು. ನನ್ನ ಹಸಿವಿನಿಂದ ದೇವರಿಗೆ ಏನು ಲಾಭವೋ ತಿಳಿಯದು. ಬೇಳೆ ವ್ಯಾಪಾರಿಗಳಿಗಂತೂ ಇದೆ.

ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು. ಅವಳಿದ್ದಾಗ ಸಂಜೆ ಮನೆಗೆ ಬಂದು ಊರನ್ನೆಲ್ಲ ಬೈಯುತ್ತಿದ್ದೆ, ಅವಳು ಹೂಂಗುಟ್ಟುತ್ತಿದ್ದಳು. ಈಗ ಗೋಡೆಗೆ ಬೈದರೆ ಪಕ್ಕದ ಮನೆಯವರು ಜೆಲ್ಲೆಕೆಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ಅದಕ್ಕೇ ಈ ನೋಟ್‌ಬುಕ್ಕು. ಅಂಗಡಿಯವನು ನಲವತ್ತು ಸಾಂತಿಮ್ ಹೇಳಿದ, ಮೂವತ್ತಕ್ಕೆ ತಂದೆ.

ಬೆಳಿಗ್ಗೆ ಬಾಗಿಲು ತೆಗೆದೊಡನೆ ಹಳ್ಳಿಯ ಹೆಂಗಸೊಬ್ಬಳು ಕಾಲ್ಗಡಗ ಮಾರಲು ಬಂದಳು. ನಮ್ಮ ಪಿಯಾಸಾ ಪೇಟೆಯ ಬೆಳ್ಳಿ ಅಂಗಡಿಗಳಲ್ಲಿ ತೂಕದ ಕಲ್ಲು ಇಡುವುದಿಲ್ಲ. ಪರದೇಶದ ದಪ್ಪ ರಾಣಿಯ ತಲೆಯಿರುವ ಹಳೆಯ ಬೆಳ್ಳಿ ನಾಣ್ಯವೇ ತೂಕ. ನನ್ನ ಹತ್ತಿರ ಅಂಥ ನಾಣ್ಯಗಳ ಎರಡು ಚೀಲಗಳಿವೆ. ಬಲಗಡೆಯ ಚೀಲದವು ಈಗ ತಾನೆ ಅಚ್ಚಿನಿಂದ ಬಿದ್ದಂತೆ ಮೈತುಂಬಿಕೊಂಡಿವೆ. ಅವು ನಾನು ಕೊಳ್ಳುವಾಗ. ಎಡಗಡೆಯವು ಮೂರು ತಲೆಮಾರು ಕೈಯಿಂದ ಕೈಗೆ ಹೋಗಿ ಸವೆದು, ರಾಣಿಯ ಮೂಗೇ ಮಾಯವಾದವು. ಅವು ನಾನು ಮಾರುವಾಗ. ಇದನ್ನು ಮೋಸ ಎನ್ನುವವರಿಗೆ ಬೆಳ್ಳಿ ವ್ಯಾಪಾರ ಗೊತ್ತಿಲ್ಲ. ಎರಡೂ ನಾಣ್ಯವೇ, ಎರಡರ ಮೇಲೂ ರಾಣಿಯೇ ಇದ್ದಾಳೆ.

ಆದರೆ ತೂಕದಲ್ಲಿ ಗಿಟ್ಟುವುದು ಉಪ್ಪು ಮೆಣಸಿನ ಖರ್ಚಿಗೆ. ನಿಜವಾದ ಲಾಭ ಇರುವುದು ವಯಸ್ಸಿನಲ್ಲಿ. ಒಂದು ನಾಣ್ಯದ ತೂಕದ ಬೆಳ್ಳಿಗೆ ಮೂರು ಬಿರ್, ಅಂದರೆ ಮುನ್ನೂರು ಸಾಂತಿಮ್. ಶಿಲುಬೆ ಮಾಡಿದ ಅಕ್ಕಸಾಲಿ ದೆಬಾಲ್ಕೆಗೆ ಎರಡು. ಥಳಥಳ ಹೊಳೆಯುವ ಆ ಶಿಲುಬೆ ಎಂಟಕ್ಕೆ ಹೋದರೆ ನನ್ನ ಪುಣ್ಯ. ಅದನ್ನೇ ಅಜ್ಜಿಯ ಅಜ್ಜಿ ಹಾಕಿಕೊಂಡಿದ್ದು ಎಂದರೆ ಪರಂಗಿಯವರು ಎಂಬತ್ತು ಕೊಟ್ಟು, ಕೈಕುಲುಕಿ ಹೋಗುತ್ತಾರೆ. ಎದುರಂಗಡಿಯ ಹಗೋಪ್ ಇದಕ್ಕಾಗಿ ನಿಂಬೆರಸ, ಮಸಿ, ಸಗಣಿ ಏನೇನೋ ಬಳಿಯುತ್ತಾನೆ. ಅವನ ಶಿಲುಬೆಗಳು ಹಳೆಯದಾಗುವುದಿಲ್ಲ, ಬರೀ ಗಲೀಜಾಗುತ್ತವೆ. ನಾನು ಕೊರಳುಗಳನ್ನು ಬಾಡಿಗೆಗೆ ಹಿಡಿಯುತ್ತೇನೆ. ಹಿಂದಿನ ಇಳಿಜಾರಿನ ಓಣಿಯ ಹನ್ನೆರಡು ಹೆಂಗಸರು, ತಲಾ ತಿಂಗಳಿಗೆ ಐವತ್ತು ಸಾಂತಿಮ್. ಅವರು ನನ್ನ ಶಿಲುಬೆ ಕಟ್ಟಿಕೊಂಡು ಒಲೆ ಊದಬೇಕು, ಮೆಣಸು ಕುಟ್ಟಬೇಕು, ನೀರು ಹೊರಬೇಕು, ತಲೆಗೆ ಬೆಣ್ಣೆ ಹಚ್ಚಿ ಬಿಸಿಲಲ್ಲಿ ಕೂರಬೇಕು. ಎರಡು ವರ್ಷದಲ್ಲಿ ಬೆವರು, ಬೆಣ್ಣೆ, ಹೊಗೆ ಸೇರಿ ಬೆಳ್ಳಿಗೆ ಇನ್ನೂರು ವರ್ಷ ತುಂಬುತ್ತದೆ.

ಮಾರ್ಸೇಲ್ಸ್‌ನ ಮದಾಮ್ ಸೊಲಾಂಜ್ ಅವರ ಕಾಗದ ಬಂದಿದೆ. ಹನ್ನೆರಡೂ ಬೇಕಂತೆ, ಒಂದು ಕಡಿಮೆಯಾದರೂ ಬೇಡವಂತೆ. ಪಾಸ್ಖ ಹಬ್ಬದ ಮಾರನೆಯ ದಿನ ಬರುತ್ತಾರಂತೆ. ಒಂಬೈನೂರ ಅರವತ್ತು ಬಿರ್! ಎರಡು ವರ್ಷದಲ್ಲಿ ಈ ಅಂಗಡಿಗೆ ಸಿಕ್ಕ ಒಂದೇ ದೊಡ್ಡ ಗಿರಾಕಿ. ಅವರು ಕೈತಪ್ಪಿ ಹಗೋಪ್‌ನ ಮೆಟ್ಟಿಲು ಹತ್ತಿದರೆ ನಾನು ಬಾಗಿಲು ಹಾಕಬೇಕಾಗುತ್ತದೆ.

ಯೆಕಾತಿತ್ ೧೮, ಗುರುವಾರ

ಓಣಿಯನ್ನು ಸುತ್ತಿ ಕೊರಳುಗಳಿಂದ ಶಿಲುಬೆ ಬಿಚ್ಚಿಸಿಕೊಂಡು ಬಂದೆ. ಬ್ರೆಡ್ ಸುಡುವವಳದು ಅದ್ಭುತವಾಗಿ ಕಪ್ಪಾಗಿದೆ. ಪೊಲೀಸಿನವನ ಹೆಂಡತಿಯದು ಮಾತ್ರ ಹೊಸದರ ಹಾಗೆಯೇ ಇದೆ. ಎರಡು ವರ್ಷ ಡಬ್ಬಿಯಲ್ಲಿ ಮುಚ್ಚಿಟ್ಟು ಬಾಡಿಗೆ ತಿಂದಿದ್ದಾಳೆ. ಕೇಳಿದರೆ, “ಭಾನುವಾರ ಹಾಕ್ಕೊಳ್ತಿದ್ನಲ್ಲ” ಎಂದಳು. ಅದನ್ನು ತಟ್ಟೆಯ ಮಧ್ಯದಲ್ಲಿ ಹುದುಗಿಸಿಟ್ಟರೆ ನಡೆಯುತ್ತದೆ.

ಹನ್ನೊಂದು ಬಂದವು. ಜವೆಗೋಧಿ ಹುರಿದು ಪೊಟ್ಟಣ ಕಟ್ಟಿ ಮಾರುವ ಅಸ್ಕಾಲೆ ಮನೆಯಲ್ಲಿರಲಿಲ್ಲ. ಅವಳದೇ ಎಲ್ಲಕ್ಕಿಂತ ಒಳ್ಳೆಯದಿರಬೇಕು. ಬೆಳಗಿನಿಂದ ಸಂಜೆಯವರೆಗೆ ಹೊಗೆಯಲ್ಲಿರುವ ಹೆಂಗಸು.

ಯೆಕಾತಿತ್ ೧೯, ಶುಕ್ರವಾರ

ಇವತ್ತು ವಿಪರೀತ ಸಿಟ್ಟು ಬಂದಿದೆ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಅಸ್ಕಾಲೆ ವಿಧವೆ, ನಲವತ್ತೈದು ದಾಟಿರಬಹುದು. ಒಂದೇ ಕೋಣೆ, ಮೇಲೆ ತೂತು ಬಿದ್ದ ತಗಡು. ಒಲೆಯ ಮುಂದೆ ಕೂತಿದ್ದಳು. ಕೊರಳಲ್ಲಿ ನನ್ನ ಶಿಲುಬೆ ಇತ್ತು. ಏನು ಬಣ್ಣ ಬಂದಿದೆ! ನೋಡಿ ಹೊಟ್ಟೆ ತುಂಬಿತು.

“ಅಸ್ಕಾಲೆ, ಬಿಚ್ಚಿ ಕೊಡು. ಅವಧಿ ಮುಗೀತು.”

“ಬನ್ನಿ ಗಾಶೆ, ಕೂತ್ಕೊಳ್ಳಿ. ಕಾಫಿಗೆ ಕಾಳು ಹುರೀತಿದೀನಿ.” ಹಿರಿಯಣ್ಣನಿಗೆ ಹೇಳುವಂತೆ ಗಾಶೆ ಎನ್ನುತ್ತಾಳೆ, ಮರ್ಯಾದೆಗೇನೂ ಕಡಿಮೆಯಿಲ್ಲ.

“ಕಾಫಿಗೆ ಬಂದಿಲ್ಲ.”

“ಗೊತ್ತು. ಆದ್ರೆ ಇದು ಕೊಡೋಕಾಗಲ್ಲ. ನನ್ನ ಕೊರಳದಾರಕ್ಕೆ ಸೇರಿಕೊಂಡಿದೆ, ನೋಡಿ.”

ನೋಡಿದೆ. ನಾನು ಶಿಲುಬೆಯನ್ನು ಚರ್ಮದ ದಾರದಲ್ಲಿ ಕಟ್ಟಿ ಕೊಟ್ಟಿದ್ದೆ. ಇವಳು ಅದನ್ನು ಬಿಸಾಕಿ, ಜ್ಞಾನಸ್ನಾನದ ದಿನ ಗುರುಗಳು ಕಟ್ಟಿದ ತನ್ನ ಸ್ವಂತ ಕೊರಳದಾರಕ್ಕೆ ಪೋಣಿಸಿಕೊಂಡಿದ್ದಾಳೆ! ಆ ದಾರ ಬಿಚ್ಚಿದವನು ಧರ್ಮವನ್ನೇ ಬಿಟ್ಟಂತೆ. ಪೊಲೀಸರು ಅದನ್ನು ಮುಟ್ಟುವುದಿಲ್ಲ, ಕಳ್ಳರೂ ಮುಟ್ಟುವುದಿಲ್ಲ.

“ಯಾರು ಹೇಳಿದ್ರು ಹೀಗೆ ಕಟ್ಕೋ ಅಂತ?”

“ಯಾರೂ ಹೇಳ್ಲಿಲ್ಲ ಗಾಶೆ. ಹೋದ ಮಳೆಗಾಲದಲ್ಲಿ ಜ್ವರ ಬಂತಲ್ಲ, ಹನ್ನೊಂದು ದಿನ. ಅಕ್ಕಪಕ್ಕದವರು ಹೆಣದ ಬಟ್ಟೆ ಕೂಡ ತಂದಿಟ್ಟಿದ್ರು. ನಿಮ್ಮ ದಾರ ಕಿತ್ತುಹೋಯ್ತು, ಶಿಲುಬೆ ಮುಷ್ಟೀಲಿ ಹಿಡ್ಕೊಂಡೇ ಮಲಗಿದ್ದೆ. ಹನ್ನೆರಡನೇ ದಿನ ಎದ್ದು ಜವೆ ಹುರಿದೆ. ಅವತ್ತೇ ಇದಕ್ಕೆ ಪೋಣಿಸ್ಕೊಂಡೆ. ಇನ್ನು ಬಿಚ್ಚಲ್ಲ.”

“ಅದಕ್ಕೆ ನಾನು ಬಾಡಿಗೆ ಕೊಡ್ತಿದೀನಿ!”

“ಬಾಡಿಗೆ ಕೊರಳಿಗೆ ತಾನೆ? ಕೊರಳು ಇಲ್ಲೇ ಇದೆ. ಎಲ್ಲೂ ಹೋಗಿಲ್ಲ.”

ಕಾಫಿ ಕುಡಿಯದೆ ಎದ್ದು ಬಂದೆ. ಪಿಯಾಸಾದಲ್ಲಿ ಮೂವತ್ತೊಂದು ವರ್ಷ ವ್ಯಾಪಾರ ಮಾಡಿದವನಿಗೆ ಜವೆ ಹುರಿಯುವವಳು ಕಾನೂನು ಹೇಳುತ್ತಾಳೆ.

ಯೆಕಾತಿತ್ ೨೭, ಶನಿವಾರ

ಅವತ್ತೇ ದೆಬಾಲ್ಕೆಯಿಂದ ಅದೇ ಅಳತೆಯ ಇನ್ನೊಂದು ಶಿಲುಬೆ ಮಾಡಿಸಿದೆ. ಹಬ್ಬದೊಳಗೆ ಕಪ್ಪಾಗಬೇಕು, ಯಾರ ಕೊರಳನ್ನು ನಂಬುವುದು? ನನ್ನ ಕೊರಳಿಗೇ ಕಟ್ಟಿಕೊಂಡೆ. ಬೆವರು ಬರಲೆಂದು ದಿನಾ ಬೆಳಿಗ್ಗೆ ಗುಡ್ಡ ಹತ್ತಿ ಇಳಿದೆ. ಬೆಣ್ಣೆ ಹಚ್ಚೋಣವೆಂದರೆ ತಲೆಯಲ್ಲಿ ಕೂದಲಿಲ್ಲ. ಅಡುಗೆಮನೆಯಲ್ಲಿ ಒಲೆ ಹೊತ್ತಿಸಿ ಹೊಗೆಗೆ ಮುಖವೊಡ್ಡಿ ಕೂತೆ. ಪಕ್ಕದವರು ಬೆಂಕಿ ಬಿತ್ತೆಂದು ನೀರು ತಂದರು.

ಎಂಟು ದಿನ ಕಳೆದರೂ ಶಿಲುಬೆ ಕನ್ನಡಿಯ ಹಾಗೆ ಹೊಳೆಯುತ್ತಿದೆ. ತಟ್ಟೆಯಲ್ಲಿ ಒಂದನ್ನು ಹುದುಗಿಸಬಹುದು, ಎರಡನ್ನಲ್ಲ. ದೆಬಾಲ್ಕೆ ನೋಡಿ ನಕ್ಕ. “ಗಾಶೆ, ಗಲ್ಲಾಪೆಟ್ಟಿಗೆ ಮುಂದೆ ಕೂತ ಕೊರಳಲ್ಲಿ ಬೆಳ್ಳಿ ಹಣ್ಣಾಗಲ್ಲ” ಎಂದ. ಅವನ ಕೂಲಿಯಲ್ಲಿ ಹತ್ತು ಸಾಂತಿಮ್ ಹಿಡಿದುಕೊಂಡೆ.

ಮೆಗಾಬಿತ್ ೧, ಬುಧವಾರ

ತಿಂಗಳ ಮೊದಲ ದಿನ. ಅಸ್ಕಾಲೆ ಅಂಗಡಿಗೆ ಬಂದು ಕೈಚಾಚಿದಳು.

“ಏನು?”

“ಬಾಡಿಗೆ.”

ನಾಚಿಕೆಯೆಂಬುದು ಇದೆಯೇ! ಕೇಳಿಯೇಬಿಟ್ಟೆ. “ಇದೆ ಗಾಶೆ, ಆದ್ರೆ ಅದಕ್ಕೆ ಯಾರೂ ಜವೆ ಕೊಡಲ್ಲ” ಎಂದಳು. ಇಬ್ಬರು ಗಿರಾಕಿಗಳು ನೋಡುತ್ತಿದ್ದರು. ಐವತ್ತು ಸಾಂತಿಮ್ ಎಣಿಸಿ ಕೊಟ್ಟೆ. ಒಂದು ಪೊಟ್ಟಣ ಹುರಿದ ಜವೆಯನ್ನು ಕೌಂಟರಿನ ಮೇಲಿಟ್ಟು ಹೋದಳು. ಉಪವಾಸಕ್ಕೆ ನಡೆಯುತ್ತದಲ್ಲ ಎಂದು ತಿಂದೆ. ಉಪ್ಪು ಹದವಾಗಿತ್ತು.

ಮೆಗಾಬಿತ್ ೪, ಶನಿವಾರ

ನಮ್ಮ ಮನೆಯ ಗುರು ಅಬ್ಬಾ ತೆಕ್ಲೆ ಅವರ ಹತ್ತಿರ ಹೋದೆ. ಇಪ್ಪತ್ತು ವರ್ಷದಿಂದ ನನ್ನ ಪಾಪಗಳನ್ನೆಲ್ಲ ಕೇಳುತ್ತಿರುವವರು; ಈಗೀಗ ನಾನು ಹೇಳುವ ಮೊದಲೇ ಅವರೇ ಹೇಳಿ ಮುಗಿಸುತ್ತಾರೆ. ಎಲ್ಲ ವಿವರಿಸಿ, ಅವಳ ದಾರವನ್ನು ಒಂದು ಗಳಿಗೆ ಬಿಚ್ಚಿ ಮತ್ತೆ ಕಟ್ಟಿಕೊಡಬಹುದೇ ಎಂದು ಕೇಳಿದೆ.

“ದಾರ ಬಿಚ್ಚೋದಾ? ಜೆಲ್ಲೆಕೆ, ನರಕದಲ್ಲಿ ನಿನಗೆ ಜಾಗ ಆಗ್ಲೇ ಇದೆ. ಹಾಸಿಗೆ ದಿಂಬೂ ಬೇಕಾ?”

“ಹಂಗಾದ್ರೆ ನನ್ನ ಬೆಳ್ಳಿ?”

“ಅವಳ ಹತ್ರಾನೇ ಕೇಳು. ಪ್ರೀತಿಯಿಂದ ಕೇಳು. ನಿನಗೆ ಅಭ್ಯಾಸ ಇಲ್ಲ, ಆದ್ರೂ ಪ್ರಯತ್ನ ಮಾಡು.” ಎದ್ದು ಹೊರಟವನನ್ನು ಮತ್ತೆ ಕರೆದರು. “ಅಂದ ಹಾಗೆ ಚರ್ಚಿನ ಹಳೇ ಧೂಪದಾನಿ ಮುರಿದಿದೆ. ಬೆಳ್ಳೀದು. ಬಂದು ತೂಗಿ ತಗೊಂಡ್ಹೋಗು. ಬರುವಾಗ ಎಡಗಡೆ ಚೀಲ ತಾ. ನಿನ್ನ ಪಾಪ ಕೇಳಿ ಕೇಳಿ ನನಗೂ ವ್ಯಾಪಾರ ಬಂದ್ಬಿಟ್ಟಿದೆ.”

ಪ್ರಾಯಶ್ಚಿತ್ತವಾಗಿ ನಲವತ್ತು ಸಲ ಅಡ್ಡಬೀಳಲು ಹೇಳಿದರು. ಮಂಡಿಯ ನೋವಿಗೆ ಎಣ್ಣೆ ಬೇರೆ ಖರ್ಚು.

ಮೆಗಾಬಿತ್ ೯, ಗುರುವಾರ

ಅರ್ಧ ಸೇರು ಹರಾರಿನ ಕಾಫಿ ಬೀಜ ತೆಗೆದುಕೊಂಡು ಅಸ್ಕಾಲೆಯ ಮನೆಗೆ ಹೋದೆ. ಇದು ಲಂಚ, ಬೇರೇನೂ ಅಲ್ಲ. ಲಂಚ ಕೊಡುವಾಗ ಒಳ್ಳೆಯ ಮಾಲನ್ನೇ ಕೊಡಬೇಕು.

ಅವಳು ಬೀಜವನ್ನು ಮೂಸಿ ನೋಡಿ ತೊಳೆದು ಹುರಿಯತೊಡಗಿದಳು. ನಾನು ನೇರವಾಗಿ ವಿಷಯಕ್ಕೆ ಬಂದೆ.

“ಮಾರ್ತೀಯಾ? ತೂಕದ ಬೆಲೆ ಮೂರು ಬಿರ್ ಕೊಡ್ತೀನಿ.”

“ಮೂರು ಬಿರ್‌ಗೆ ತಗೊಂಡು ಏನ್ಮಾಡ್ತೀರಿ?”

“ಮಾರ್ತೀನಿ. ಪರಂಗಿ ಹೆಂಗಸಿಗೆ.”

“ಎಷ್ಟಕ್ಕೆ?”

ಸುಳ್ಳು ಹೇಳಬಹುದಿತ್ತು. ಒಲೆಯ ಹೊಗೆ ಕಣ್ಣಿಗೆ ಹೋಗಿ ಸರಿಯಾಗಿ ಯೋಚನೆ ಮಾಡಲಾಗಲಿಲ್ಲ. “ಎಂಬತ್ತು” ಎಂದುಬಿಟ್ಟೆ.

ಅವಳು ಹುರಿಯುವ ಬಾಣಲೆಯನ್ನು ಕೆಳಗಿಟ್ಟಳು. “ಎಂಬತ್ತಾ! ಏನಂತ ಹೇಳಿ?”

“ಇದು ನಮ್ಮ ಅಜ್ಜಿಯ ಅಜ್ಜೀದು, ಗೊಂಡರ್ ರಾಜರ ಕಾಲದ್ದು, ಆಕೆ ಸಾಯುವಾಗ ಕೊರಳಿಂದ ತೆಗೆದು ಮಗಳಿಗೆ ಕೊಟ್ಲು, ಹಾಗೆ.”

“ಆ ಅಜ್ಜಿ ಹೆಸರೇನು?”

“ಗಿರಾಕಿ ನೋಡಿ ಇಡ್ತೀನಿ.”

ಅವಳು ನಗಲು ಶುರುಮಾಡಿದಳು. ನಕ್ಕು ನಕ್ಕು ಕೆಮ್ಮು ಬಂತು, ನೀರು ಕೊಡಬೇಕಾಯಿತು. “ಹಂಗಾದ್ರೆ ಗಾಶೆ, ಕೊಳ್ಳುವಾಗ ಬೆಳ್ಳಿ, ಮಾರುವಾಗ ಅಜ್ಜಿ! ನಾನೂ ಜವೆ ಮಾರ್ತೀನಿ. ಕೊಳ್ಳುವಾಗ್ಲೂ ಜವೆ, ಮಾರುವಾಗ್ಲೂ ಜವೆ. ಅದಕ್ಕೇ ನನ್ನ ತಗಡು ಸೋರುತ್ತೆ.” ಆಮೇಲೆ ಶಿಲುಬೆಯನ್ನು ಕೈಯಲ್ಲಿ ಹಿಡಿದು ನೋಡಿದಳು. “ನೀವು ಎಂಬತ್ತು ಕೊಟ್ರೂ ಇದು ಬಿಚ್ಚಲ್ಲ. ಸಾಯೋ ಹಾಗಿದ್ದಾಗ ಇದು ನನ್ನ ಕೈಲಿತ್ತು ಗಾಶೆ, ಬೇರೆ ಯಾರೂ ಇರ್ಲಿಲ್ಲ.”

ಮೊದಲ ಸುತ್ತಿನ ಕಾಫಿ ಕುಡಿದು ಏಳಬೇಕೆಂದಿದ್ದೆ. ಒಳ್ಳೆಯ ಬೀಜ ನಾನೇ ತಂದದ್ದು, ಬಿಡುವುದೇಕೆಂದು ಪದ್ಧತಿಯ ಮೂರು ಸುತ್ತೂ ಕುಡಿದೆ. ಕೆಲಸ ಮಾತ್ರ ಆಗಲಿಲ್ಲ.

ಮೆಗಾಬಿತ್ ೧೨, ಭಾನುವಾರ

ಹೋದೆ. ಕೊಡಲಿಲ್ಲ.

ಮೆಗಾಬಿತ್ ೧೫, ಬುಧವಾರ

ಹೋದೆ. ಕೊಡಲಿಲ್ಲ. ಸಣ್ಣ ಮಳೆ ಶುರುವಾಗಿದೆ, ಅವಳ ತಗಡು ನನ್ನ ಹೆಗಲಿನ ಮೇಲೆಯೇ ಸೋರುತ್ತದೆ.

ಮೆಗಾಬಿತ್ ೧೮, ಶನಿವಾರ

ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಹೋಗಿದ್ದೆ. ಆ ಹೊತ್ತಿನಲ್ಲೇ ಗಿರಾಕಿ ಬಂದು, ಬೀಗ ನೋಡಿ ಹಗೋಪ್‌ನ ಹತ್ತಿರ ಬಳೆ ಕೊಂಡು ಹೋದರಂತೆ. ಹಗೋಪ್ ಬಾಗಿ ನಮಸ್ಕಾರ ಮಾಡಿದ. ಒಂದು ಶಿಲುಬೆಯಿಂದ ನನಗೆ ಎಷ್ಟು ನಷ್ಟವೆಂದು ಅಸ್ಕಾಲೆಗೆ ಬಿಡಿಸಿ ಹೇಳಬೇಕು. ನಾಳೆಯೇ ಹೋಗುತ್ತೇನೆ.

ಮೆಗಾಬಿತ್ ೨೦, ಸೋಮವಾರ

ಮದುವೆಗೆಂದು ಕಡಗ ಕೊಳ್ಳಲು ಬಂದವರಿಗೆ ತೂಗುವಾಗ ಬಲಗಡೆಯ ಚೀಲದ ನಾಣ್ಯ ಹಾಕಿಬಿಟ್ಟೆ. ಅರ್ಧ ಬಿರ್ ನಷ್ಟ. ಬೇಳೆ ತಿಂದು ತಿಂದು ಕಣ್ಣು ಮಂಜಾಗಿದೆ.

ಮೆಗಾಬಿತ್ ೨೩, ಗುರುವಾರ

ಮುಖಕ್ಷೌರ ಮಾಡಿಸಿಕೊಂಡು ಹೊಸ ಬಿಳಿ ಶಾಲು ತಂದೆ. ಮದಾಮ್ ಬರುವವರಿದ್ದಾರೆ, ವ್ಯಾಪಾರಿ ಶುಭ್ರವಾಗಿರಬೇಕು. ಸಂಜೆ ಅದೇ ಶಾಲು ಹೊದ್ದು ಅಸ್ಕಾಲೆಯಲ್ಲಿಗೆ ಹೋಗಿದ್ದೆ. “ಏನ್ ಗಾಶೆ, ಮದುವೆನಾ?” ಎಂದಳು. ಎಂಥ ಬಾಯಿ ಆ ಹೆಂಗಸಿನದು!

ಮೆಗಾಬಿತ್ ೨೭, ಸೋಮವಾರ

ಮತ್ತೆ ಚೀಲ ತಪ್ಪಿತು. ಎರಡೂ ಒಂದೇ ಬಣ್ಣದ ಚೀಲವಾದರೆ ಹೀಗೇ ಆಗುವುದು. ಎಲ್ಲ ನಾಣ್ಯಗಳನ್ನೂ ಒಂದೇ ಚೀಲಕ್ಕೆ ಸುರಿದೆ. ಹುಡುಕುವ ತಾಪತ್ರಯ ತಪ್ಪಿತು.

ಮೆಗಾಬಿತ್ ೨೯, ಬುಧವಾರ

ಎರಡು ತಗಡು ಹಾಳೆ, ಒಂದು ಹಿಡಿ ಮೊಳೆ. ಏಣಿಯ ಮೇಲೆ ನಾನು, ಕೆಳಗೆ ಏಣಿ ಹಿಡಿದು ಅವಳು, ಸುತ್ತ ಇಡೀ ಓಣಿ. ನನ್ನ ಮಾಲು ಆ ಸೂರಿನ ಕೆಳಗಿದೆ. ಮಾಲಿನ ಮೇಲೆ ನೀರು ಬಿದ್ದರೆ ಬಣ್ಣ ಕೆಡುತ್ತದೆ. ಇಷ್ಟನ್ನು ಓಣಿಯವರಿಗೆ ಗಟ್ಟಿಯಾಗಿ ಹೇಳಿದೆ. ಅವರು ಹಲ್ಲು ಕಿಸಿದರು.

ಮಿಯಾಜಿಯಾ ೪, ಸೋಮವಾರ

ಕೆಟ್ಟೆ! ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಮದಾಮ್ ಸೊಲಾಂಜ್!

“ನಿಮ್ಮ ಕಾಗದದಲ್ಲಿ ಹಬ್ಬದ ಮಾರನೇ ದಿನ ಅಂತ ಇತ್ತಲ್ಲ, ಮದಾಮ್?”

“ಹೌದು. ನಿನ್ನೆ ಹಬ್ಬ ಆಯ್ತಲ್ಲ.”

ಅವರ ಪಾಸ್ಖ ನಿನ್ನೆಯಂತೆ! ನಮ್ಮದು ಬರುವ ಭಾನುವಾರ. ಕ್ರಿಸ್ತ ಒಬ್ಬನೇ, ಅವನು ಅವರಿಗೆ ಒಂದು ವಾರ ಮೊದಲೇ ಎದ್ದು ಬಂದಿದ್ದಾನೆ, ನಮಗೆ ಇನ್ನೂ ಶಿಲುಬೆಗೇರಿಯೇ ಇಲ್ಲ. ಆರು ವರ್ಷದಿಂದ ನಮ್ಮ ಊರಿಗೆ ಬರುವವರು, ನಮ್ಮ ಅಮ್ಹಾರಿಕ್ ಭಾಷೆ ಮಾತಾಡುವವರು, ಇಷ್ಟು ಗೊತ್ತಿರಬೇಡವೇ? ನನಗಾದರೂ ಗೊತ್ತಿರಬೇಡವೇ? ಗುರುವಾರ ರಾತ್ರಿಯ ವಿಮಾನವಂತೆ. ಮಾಲು ಬ್ಯಾಂಕಿನಲ್ಲಿದೆ, ಗುರುವಾರ ಬೆಳಿಗ್ಗೆ ತೋರಿಸುತ್ತೇನೆ ಎಂದೆ.

ಮಿಯಾಜಿಯಾ ೫, ಮಂಗಳವಾರ

ಹಬ್ಬಕ್ಕೆ ಮೊದಲಿನ ಯಾತನೆಯ ವಾರ. ಯಾರೂ ಮನೆಯಲ್ಲಿಲ್ಲ, ಎಲ್ಲರೂ ಚರ್ಚಿನಲ್ಲಿ ಅಡ್ಡಬೀಳುತ್ತಿದ್ದಾರೆ. ಅಸ್ಕಾಲೆಯನ್ನು ಹುಡುಕಿಕೊಂಡು ಅಲ್ಲಿಗೇ ಹೋದೆ. ಹೆಂಗಸರ ಸಾಲಿನ ಪಕ್ಕದಲ್ಲಿ ಸುಮ್ಮನೆ ನಿಂತರೆ ಜನ ನೋಡುತ್ತಾರೆಂದು ನಾನೂ ಅಡ್ಡಬೀಳತೊಡಗಿದೆ. ಅರವತ್ತರವರೆಗೆ ಎಣಿಸಿದೆ, ಆಮೇಲೆ ಎಣಿಕೆ ತಪ್ಪಿತು.

ಹೊರಗೆ ಬಂದಾಗ ಅವಳೇ ಕೇಳಿದಳು. “ಮುಖ ಯಾಕೆ ಹಿಂಗಾಗಿದೆ ಗಾಶೆ?”

“ಪರಂಗಿ ಹೆಂಗಸು ಬಂದ್ಬಿಟ್ಳು. ಗುರುವಾರ ಹೋಗ್ತಾಳೆ. ಹನ್ನೆರಡಿಲ್ದಿದ್ರೆ ಒಂದೂ ಬೇಡ್ವಂತೆ.”

“ಆಮೇಲೆ?”

“ಆಮೇಲೇನು, ಅಂಗಡಿ ಮುಚ್ಚೋದು.”

ಓಣಿಯ ಬಾಯಿಯವರೆಗೆ ಜೊತೆಗೇ ಬಂದೆವು. ಶಿಲುಬೆ ಕೇಳಬೇಕೆಂದೇ ಹೋಗಿದ್ದೆ. ಬೆನ್ನುನೋವಿನಲ್ಲಿ ಮರೆತುಹೋಯಿತು.

ಮಿಯಾಜಿಯಾ ೬, ಬುಧವಾರ

ಶಿಲುಬೆ ಸಿಕ್ಕಿತು.

ಬೆಳಿಗ್ಗೆ ಬಂದು ಕೌಂಟರಿನ ಮೇಲಿಟ್ಟಳು. “ಮೂವತ್ತು ವರ್ಷದ ಅಂಗಡಿ ನನ್ನ ಕೊರಳಿಂದ ಮುಚ್ಚೋದು ಬೇಡ. ದಾರ ಬಿಚ್ಚಿಲ್ಲ, ಹೆದರಬೇಡಿ. ಶಿಲುಬೆ ತುದೀಲಿ ದಾರ ಪೋಣಿಸೋ ಬಳೆ ಸವೆದಿತ್ತು. ಅವತ್ತು ಸಿಕ್ಕಿಸಿದ ಹಾಗೇ ಇಕ್ಕಳದಲ್ಲಿ ಅಗಲಿಸಿ ತೆಗೆದೆ” ಎಂದಳು. ಕೊರಳಲ್ಲಿ ಬರೀ ದಾರವಿತ್ತು. ಕೂರೆಂದರೂ ಕೂರಲಿಲ್ಲ. ಒಲೆಯ ಮೇಲೆ ಜವೆ ಇದೆಯೆಂದು ಹೋದಳು.

ಬೆಳ್ಳಿಯಲ್ಲಿ ಮುಳುಗಿ ಎದ್ದವನು ನಾನು, ಬಳೆ ಅಗಲಿಸುವುದು ಹೊಳೆಯಲಿಲ್ಲವೇ? ದೆಬಾಲ್ಕೆಯನ್ನು ಕೇಳಿದರೆ, “ನನಗೆ ಮೊದಲನೇ ದಿನಾನೇ ಹೊಳೆದಿತ್ತು ಗಾಶೆ. ನೀವು ಕೇಳ್ಲಿಲ್ಲ” ಎಂದ. ಇವನಿಗೆ ಕೂಲಿ ಕೊಡುವುದೇ ದಂಡ.

ಒಂಬೈನೂರ ಅರವತ್ತು ಬಿರ್ ಕೈಗೆ ಬಂದಂತೆಯೇ. ಸಂಜೆ ಊಟ ಸೇರಲಿಲ್ಲ. ಗೊಜ್ಜು ಹಳಸಿತ್ತೆಂದು ಕಾಣುತ್ತದೆ.

ಮಿಯಾಜಿಯಾ ೭, ಗುರುವಾರ

ಮದಾಮ್ ಭೂತಗನ್ನಡಿ ಹಿಡಿದು ಹನ್ನೆರಡನ್ನೂ ಒಂದೊಂದಾಗಿ ನೋಡಿದರು. ಹನ್ನೆರಡನೆಯದು ಕೈಗೆ ಬಂದಾಗ ನಿಂತರು.

“ಇದು ಎಲ್ಲಕ್ಕಿಂತ ಚೆನ್ನಾಗಿದೆ. ಯಾರ ಕೊರಳು?”

ನಾನು ಎಂದಿನ ಕಥೆ ಶುರುಮಾಡಿದೆ. “ನಮ್ಮ ಅಜ್ಜಿಯ ಅಜ್ಜಿ...”

“ಅಯ್ಯೋ ಬಿಡಿ ಜೆಲ್ಲೆಕೆ ಅವರೇ! ನಾನೂ ವ್ಯಾಪಾರದವಳು. ಎದುರಂಗಡಿಯವರು ಸಗಣಿ ಬಳೀತಾರೆ, ನೀವು ಹೆಂಗಸರ ಕೊರಳಿಗೆ ಕಟ್ತೀರಿ. ಅದಕ್ಕೇ ತಾನೆ ನಿಮ್ಮ ಹತ್ರ ಬರೋದು! ನಮ್ಮೂರಲ್ಲಿ ಒಂದೊಂದಕ್ಕೂ ಎಂಟುನೂರು ಬರುತ್ತೆ. ವಯಸ್ಸಿನ ಕಾಗದ ನಾನೇ ಬರೀತೀನಿ.”

ಎಂಟುನೂರು! ಇಷ್ಟು ವರ್ಷ ನಾನು ಎಂಬತ್ತಕ್ಕೆ ಮಾರಿ, ಮೂರ್ಖರಿಗೆ ಟೋಪಿ ಹಾಕಿದೆನೆಂದು ಮಲಗುತ್ತಿದ್ದೆ. ಟೋಪಿ ನನ್ನ ತಲೆಯ ಮೇಲೆಯೇ ಇತ್ತು.

“ಮುಂದಿನ ವರ್ಷಕ್ಕೆ ನಲವತ್ತು ಮಾಡಿಸಿ. ಹೊಗೆ ಜಾಸ್ತಿ ಇರೋ ಮನೆಗಳನ್ನ ನೋಡಿ ಕೊಡಿ. ಕಿಟಕಿ ಇರಬಾರದು.”

ಅಷ್ಟಕ್ಕೆ ಸುಮ್ಮನಿದ್ದು ದುಡ್ಡು ಎಣಿಸಿಕೊಳ್ಳಬೇಕಿತ್ತು. ಯಾಕೋ ಆ ಹನ್ನೆರಡನೆಯದನ್ನು ಉಳಿದವುಗಳ ಜೊತೆ ಸೇರಿಸಿ ಮಾತಾಡಿದ್ದು ಸರಿಬರಲಿಲ್ಲ. “ಇದು ಹಂಗಲ್ಲ ಮದಾಮ್” ಎಂದು ಜ್ವರದ ಕಥೆ ಹೇಳಿದೆ. ಹನ್ನೊಂದು ದಿನ, ಹೆಣದ ಬಟ್ಟೆ, ಮುಷ್ಟಿಯಲ್ಲಿ ಹಿಡಿದು ಮಲಗಿದ್ದು, ಎಲ್ಲವನ್ನೂ. ಈ ಕೌಂಟರಿನ ಹಿಂದೆ ನಿಂತು ನಾನು ಹೇಳಿದ ಮೊದಲ ನಿಜವಾದ ಕಥೆ ಅದು.

ಮದಾಮ್ ಪೆನ್ನು ತೆಗೆದು ಬರೆದುಕೊಂಡರು. “ಅದ್ಭುತ! ಈ ಕಥೆ ಸೇರಿಸಿದ್ರೆ ಸಾವಿರದ ಇನ್ನೂರು! ಆ ಹೆಂಗಸಿನ ಫೋಟೋ ಸಿಗುತ್ತಾ? ಹರಿದ ಬಟ್ಟೇಲಿ ಇದ್ರೆ ಒಳ್ಳೇದು. ಹತ್ತು ಬಿರ್ ಬೇರೆ ಕೊಡ್ತೀನಿ.”

ನಾನು ಆ ಶಿಲುಬೆಯನ್ನು ತಟ್ಟೆಯಿಂದ ಎತ್ತಿ ಜೇಬಿಗೆ ಹಾಕಿಕೊಂಡೆ.

“ಇದು ಮಾರಾಟಕ್ಕಿಲ್ಲ.”

“ಹನ್ನೆರಡಿಲ್ದಿದ್ರೆ ಒಂದೂ ಬೇಡ ಅಂತ ಬರೆದಿದ್ದೆ.”

“ಓದಿದೀನಿ.”

ಅವರು ರಸ್ತೆ ದಾಟಿ ಹಗೋಪ್‌ನ ಅಂಗಡಿಗೆ ಹೋದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಬೆವರುತ್ತಿದ್ದೆ. ಒಂದು ಗಂಟೆ ಅಲ್ಲಿ ಕಾಫಿ ಕುಡಿದು ಮತ್ತೆ ಬಂದು, ಜೊತೆ ಒಡೆದ ಮಾಲಿಗೆ ಒಂದಕ್ಕೆ ಮೂವತ್ತರಂತೆ ಕೊಡುತ್ತೇನೆ ಎಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಹನ್ನೊಂದಕ್ಕೆ ಮುನ್ನೂರ ಮೂವತ್ತು. ನಲವತ್ತರ ಆರ್ಡರು ಹಗೋಪ್‌ಗೆ ಹೋಯಿತು. ಈ ದುಡ್ಡಿನಲ್ಲಿ ಮಳೆಗಾಲದವರೆಗೆ ಬಾಗಿಲು ತೆರೆದಿರುತ್ತದೆ, ಆಮೇಲಿನದು ಗೊತ್ತಿಲ್ಲ.

ಉಪವಾಸ ಮನುಷ್ಯನ ಬುದ್ಧಿಯನ್ನು ಹೀಗೆ ಕೆಡಿಸುತ್ತದೆ. ಬೇರೆ ಕಾರಣ ಕಾಣುವುದಿಲ್ಲ.

ಮಿಯಾಜಿಯಾ ೧೦, ಭಾನುವಾರ, ಪಾಸ್ಖ ಹಬ್ಬ

ಐವತ್ತೈದು ದಿನ ಮುಗಿಯಿತು. ಬೆಳಿಗ್ಗೆಯೇ ಅಸ್ಕಾಲೆಯಲ್ಲಿಗೆ ಹೋದೆ. ಮಾಲು ಹಿಂದಿರುಗಿಸುವುದಿತ್ತು. ಕೋಳಿ ಸಾರಿನ ವಾಸನೆ ಓಣಿಯ ತುಂಬ. ತಟ್ಟೆ ತಂದು ಮುಂದಿಟ್ಟಳು. ಹಬ್ಬದ ದಿನ ಬೇಡವೆನ್ನುವುದು ಪಾಪ.

ಶಿಲುಬೆಯನ್ನು ಚಾಪೆಯ ಮೇಲಿಟ್ಟೆ. ನೋಡಿದಳು, ಮುಟ್ಟಲಿಲ್ಲ.

“ಮಾರ್ಲಿಲ್ವಾ ಗಾಶೆ?”

“ವ್ಯಾಪಾರ ಕುದುರಲಿಲ್ಲ. ತಗೋ.”

“ಮತ್ತೆ ಬಾಡಿಗೆಗಾ?”

“ಬಾಡಿಗೆ ಗೀಡಿಗೆ ಇಲ್ಲ. ಸುಮ್ನೆ ಇಟ್ಕೋ.”

“ಸುಮ್ನೆ ಬೇಡ. ಸುಮ್ನೆ ಕೊಟ್ಟಿದ್ದನ್ನ ಒಂದಲ್ಲ ಒಂದಿನ ವಾಪಸ್ ಕೇಳ್ತಾರೆ. ಮಾರಿ. ನಂದು ಅಂತಾಗ್ಬೇಕು. ಬೆಲೆ ಹೇಳಿ.”

“ಮೂರು ಬಿರ್.”

ನನ್ನ ಮುಖ ನೋಡಿದಳು. “ಅದು ಬೆಳ್ಳಿ ಬೆಲೆ.”

“ನನ್ನ ಅಂಗಡೀಲಿ ಅದೇ ಬೆಲೆ. ಬೇಕಾದ್ರೆ ತಗೋ, ಇಲ್ದಿದ್ರೆ ಬಿಡು.”

ಶಾಲಿನ ಗಂಟು ಬಿಚ್ಚಿ ಎಣಿಸಿದಳು. ಎರಡು ಬಿರ್ ಅರವತ್ತು ಸಾಂತಿಮ್ ಇತ್ತು. ಉಳಿದ ನಲವತ್ತಕ್ಕೆ ಎಂಟು ಪೊಟ್ಟಣ ಜವೆ ಕೊಟ್ಟಳು. ಹಲ್ಲಿನಿಂದ ಬಳೆಯನ್ನು ಅಗಲಿಸಿ ದಾರಕ್ಕೆ ಸಿಕ್ಕಿಸಿಕೊಂಡು, ಮತ್ತೆ ಹಲ್ಲಿನಿಂದಲೇ ಮುಚ್ಚಿದಳು. ಆಮೇಲೆ ಶಾಲಿನ ತುದಿಯನ್ನು ಮುಖಕ್ಕೆ ಹಿಡಿದು ಕೂತುಬಿಟ್ಟಳು. ನಾನು ಕೋಳಿಯ ಮೂಳೆಯನ್ನು ನೋಡುತ್ತ ಕೂತೆ. ನನ್ನ ಕಣ್ಣಲ್ಲೂ ನೀರಿತ್ತು. ಸಾರಿಗೆ ಖಾರ ಜಾಸ್ತಿ ಹಾಕಿದ್ದಳು.

ಮನೆಗೆ ಬಂದು ಕೂತಾಗ ತಪ್ಪು ತಿಳಿಯಿತು. ಮೂವತ್ತೊಂದು ವರ್ಷದಲ್ಲಿ ಕೊಂಡ ಬೆಲೆಗೇ ಬೆಳ್ಳಿ ಮಾರಿದ್ದು ಇದೇ ಮೊದಲು. ಮಾಡಿಸಿದ ಕೂಲಿ ಎರಡು ಬಿರ್ ಸೇರಿಸುವುದನ್ನೇ ಮರೆತಿದ್ದೇನೆ! ಬಿಡುವವನಲ್ಲ ನಾನು. ನಾಳೆ ಮಧ್ಯಾಹ್ನ ಬಾಗಿಲು ಹಾಕಿ ಹೋಗಿ ಕೇಳುತ್ತೇನೆ. ಅವಳೇನೂ ಒಂದೇ ದಿನಕ್ಕೆ ಒಪ್ಪುವ ಹೆಂಗಸಲ್ಲ. ದಿನಾ ಹೋಗಬೇಕಾಗುತ್ತದೆ, ಎರಡು ಬಿರ್ ವಸೂಲಾಗುವಷ್ಟರಲ್ಲಿ ಮುಂದಿನ ಪಾಸ್ಖ ಬಂದರೂ ಬರಬಹುದು.